ಅಗೆಯುವ ಮೊದಲು ಅಂಗಡಿಯವರನ್ನು ಕೇಳಿ

ಮಲೆನಾಡಿನ ಪೇಟೆಯೊಂದರಲ್ಲಿ ರಸ್ತೆ ಅಗೆಯಲು ವರ್ಷಕ್ಕೆ ಹೆಚ್ಚೆಂದರೆ ಆರೇಳು ತಿಂಗಳು ಸಿಗುತ್ತದೆ. ಜೂನಿನಲ್ಲಿ ಮಳೆ ಹಿಡಿಯಿತೆಂದರೆ ಸೆಪ್ಟೆಂಬರ್ ಕಳೆಯುವತನಕ ಗುದ್ದಲಿ ಹಾಕುವಂತಿಲ್ಲ. ಅಕ್ಟೋಬರಿನಲ್ಲೂ ಮಧ್ಯಾಹ್ನ ದಾಟಿದರೆ ಗುಡುಗು, ಸಿಡಿಲು. ನೆಲ ಒಣಗಿ ಜೆಸಿಬಿ ಇಳಿಯುವ ಹೊತ್ತಿಗೆ ನವೆಂಬರ್ ಬಂದಿರುತ್ತದೆ. ಪೇಟೆಯ ಅಂಗಡಿಯವರು ವರ್ಷವಿಡೀ ಕಾದಿರುವುದೂ ಅದೇ ನವೆಂಬರಿಗೆ. ಅಡಿಕೆ ಕೊಯ್ಲು, ಅದರ ಬೆನ್ನಿಗೆ ಅರೇಬಿಕಾ ಹಣ್ಣು, ಜನವರಿಯಿಂದ ರೋಬಸ್ಟಾ, ಆಮೇಲೆ ಕಾಳುಮೆಣಸು. ತೋಟಗಳಲ್ಲಿ ಬಟವಾಡೆಯಾದ ಕೂಲಿಯ ದುಡ್ಡು ಸಂತೆಯ ದಿನ ಪೇಟೆಗೆ ಇಳಿಯುವುದು ಈ ತಿಂಗಳುಗಳಲ್ಲಿ. ಏಪ್ರಿಲ್‌, ಮೇ ಬಂದರೆ ಮದುವೆಯ ಜವಳಿ. ಮೇ ಕೊನೆಗೆ ಛತ್ರಿ, ರೇನ್‌ಕೋಟು, ಗಮ್‌ಬೂಟು, ಮಕ್ಕಳ ನೋಟ್‌ಬುಕ್ಕು, ಅಡಿಕೆಗೆ ಔಷಧಿ ಹೊಡೆಯಲು ಮೈಲುತುತ್ತ. ಅಲ್ಲಿಗೆ ಮತ್ತೆ ಮಳೆ.

ಇದರ ಮೇಲೆ ಸರ್ಕಾರದ ಲೆಕ್ಕವೊಂದು ಬಂದು ಕೂರುತ್ತದೆ. ಮಾರ್ಚ್ 31ರೊಳಗೆ ಅನುದಾನ ಖರ್ಚಾಗಬೇಕು. ಟೆಂಡರ್ ಮುಗಿದು, ಕಾರ್ಯಾದೇಶ ಸಿಕ್ಕಿ, ಗುತ್ತಿಗೆದಾರ ಸಾಮಾನು ತಂದು ಹಾಕುವಾಗ ಸಂಕ್ರಾಂತಿ ಕಳೆದಿರುತ್ತದೆ. ಹಾಗಾಗಿ ಪೇಟೆಯ ಅಭಿವೃದ್ಧಿ ಎಂಬುದು ಬಹಳ ಊರುಗಳಲ್ಲಿ ಪೇಟೆಗೆ ವರ್ಷದ ಅನ್ನ ಹುಟ್ಟುವ ತಿಂಗಳುಗಳಲ್ಲೇ ಬಂದು ಅಂಗಡಿಗಳ ಮುಂದೆ ಹೊಂಡ ತೋಡುತ್ತದೆ. ಯಾರೂ ಬೇಕೆಂದು ಮಾಡುವುದಲ್ಲ. ಯಾವ ಬೀದಿಗೆ ಯಾವ ವಾರ ವ್ಯಾಪಾರ, ಯಾವ ವಾರ ಬಿಡುವು ಎಂಬುದು ಎಂಜಿನಿಯರರ ಅಂದಾಜು ಪಟ್ಟಿಯಲ್ಲಿ ಇರುವುದಿಲ್ಲ. ಗೊತ್ತಿರುವುದು ಅಂಗಡಿಯವರಿಗೆ. ಅವರನ್ನು ಮೊದಲೇ ಕೂರಿಸಿಕೊಂಡು ಕೇಳುವ ಪದ್ಧತಿ ನಮ್ಮಲ್ಲಿ ಇನ್ನೂ ಬೇರೂರಿಲ್ಲ.

ಬಾಳೆಹೊನ್ನೂರನ್ನು ಮುಂದಿಟ್ಟುಕೊಂಡು ಈ ಮಾತನ್ನು ವಿವರವಾಗಿ ಆಡಬೇಕೆನಿಸಿದೆ. ಗಂಗಾಮೂಲದಲ್ಲಿ ಹುಟ್ಟಿದ ಭದ್ರೆ ಕಳಸದ ಮೇಲೆ ಹಾದು ಈ ಊರಿನ ಮಗ್ಗುಲಲ್ಲೇ ಹರಿದು ಲಕ್ಕವಳ್ಳಿಯ ಅಣೆಕಟ್ಟಿನ ಕಡೆಗೆ ಹೋಗುತ್ತಾಳೆ. ಕೊಪ್ಪ, ನರಸಿಂಹರಾಜಪುರ, ಜಯಪುರದ ಮೇಲೆ ಶೃಂಗೇರಿ, ಕಳಸ, ಚಿಕ್ಕಮಗಳೂರು ಹೀಗೆ ನಾಲ್ಕೂ ದಿಕ್ಕಿನ ರಸ್ತೆಗಳು ಇಲ್ಲಿ ಕೂಡುತ್ತವೆ. ಒಂದು ಕಡೆ ವೀರಶೈವ ಪಂಚಪೀಠಗಳಲ್ಲೊಂದಾದ ರಂಭಾಪುರಿ ಪೀಠ. ನಾಡಿನ ಬಯಲುಸೀಮೆಯಿಂದ ಭಕ್ತರು ಬಸ್ಸು ಮಾಡಿಕೊಂಡು ಬರುತ್ತಾರೆ. ಇನ್ನೊಂದು ಕಡೆ, ಸೀಗೋಡಿನ ಬಳಿ, 1925ರಲ್ಲಿ ಮೈಸೂರು ಸಂಸ್ಥಾನ ಆರಂಭಿಸಿದ ಕಾಫಿ ಪ್ರಯೋಗ ಕೇಂದ್ರ. ಎಲೆತುಕ್ಕು ರೋಗಕ್ಕೆ ಬೆದರಿ ಬೆಳೆಗಾರರು ಕಂಗಾಲಾಗಿದ್ದ ಕಾಲದಲ್ಲಿ ಕೃಷಿ ಇಲಾಖೆಯ ಲೆಸ್ಲಿ ಕೋಲ್‌ಮನ್ ಅವರ ಮುತುವರ್ಜಿಯಿಂದ ಬಂದದ್ದು. ಇಂದದು ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆ. ನೂರು ವರ್ಷ ತುಂಬಿದೆ. ದೇಶದ ಅರೇಬಿಕಾ ತೋಟಗಳಲ್ಲಿ ಹರಡಿದ ಎಸ್. 795 ತಳಿ ಇಲ್ಲಿಯದು. ಮಠ, ಸಂಶೋಧನಾ ಕೇಂದ್ರ, ನವೋದಯ ಶಾಲೆ, ಸುತ್ತ ತೋಟ, ನಡುವೆ ನದಿ. ಇಷ್ಟೆಲ್ಲ ಇರುವ ಊರಿನ ಪೇಟೆ ದಾಟಿ ಹೋಗುವವರ ಪೇಟೆ ಆಗಬಾರದು. ಜನ ಇಳಿದು, ನಿಂತು, ಕೊಂಡು ಹೋಗುವ ಪೇಟೆ ಆಗಿರಬೇಕು.

ಸಣ್ಣ ಪೇಟೆಗಳು ಹೇಗೆ ಸೊರಗುತ್ತವೆ ಎಂಬುದಕ್ಕೆ ಪಕ್ಕದ ನರಸಿಂಹರಾಜಪುರವೇ ಸಾಕ್ಷಿ. ಎಡೇಹಳ್ಳಿಯಾಗಿದ್ದ ಆ ಊರಿಗೆ ಒಂದು ಕಾಲದಲ್ಲಿ ತರೀಕೆರೆಯಿಂದ ಸಣ್ಣ ಹಳಿಯ ಟ್ರಾಮ್ ಬರುತ್ತಿತ್ತು. ಟ್ರಾಮ್ ನಿಂತಿತು. ಆಮೇಲೆ ಭದ್ರಾ ಅಣೆಕಟ್ಟಿನ ಹಿನ್ನೀರು ಸುತ್ತಲಿನ ಹಳ್ಳಿ, ಗದ್ದೆಗಳನ್ನು ನುಂಗಿತು. ಗಿರಾಕಿಗಳ ಊರುಗಳೇ ನೀರಿನ ಕೆಳಗೆ ಹೋದರೆ ಅಂಗಡಿ ಎಷ್ಟು ಚೆನ್ನಾಗಿದ್ದರೇನು! ಪೇಟೆಯ ಜೀವ ಇರುವುದು ಅದಕ್ಕೆ ಬಂದು ಸೇರುವ ದಾರಿಗಳಲ್ಲಿ. ಟೈಲ್ಸು, ದೀಪದ ಕಂಬ, ಸ್ವಾಗತ ಕಮಾನು ಎಲ್ಲ ಆಮೇಲಿನ ಮಾತು.

ದಾರಿ ಎಂದಕೂಡಲೇ ಸಹಕಾರ ಸಾರಿಗೆಯನ್ನು ನೆನೆಯದೆ ಮುಂದೆ ಹೋಗಲಾಗದು. ಶಂಕರ್ ಕಂಪನಿಯ ಬಸ್ಸುಗಳು ನಿಂತಾಗ ಅದರ ಕಾರ್ಮಿಕರೇ ಸೇರಿ 1991ರಲ್ಲಿ ಕೊಪ್ಪದಲ್ಲಿ ಕಟ್ಟಿಕೊಂಡ ಸಹಕಾರ ಸಂಘ ಅದು. ಡ್ರೈವರು, ಕಂಡಕ್ಟರೇ ಮಾಲೀಕರು. ಎಪ್ಪತ್ತಕ್ಕೂ ಹೆಚ್ಚು ಬಸ್ಸುಗಳು ಕೊಪ್ಪ, ಶೃಂಗೇರಿ, ಬಾಳೆಹೊನ್ನೂರು, ನರಸಿಂಹರಾಜಪುರದ ಮೂಲೆ ಮೂಲೆಗೂ ಓಡಿದವು. ದೊಡ್ಡ ಅಧ್ಯಯನಗಳಿಗೂ ವಸ್ತುವಾದ ಸಂಸ್ಥೆ. ಡೀಸೆಲ್ ಬೆಲೆ, ನಷ್ಟ, ಸಾಲದ ಭಾರ ತಾಳಲಾರದೆ 2020ರ ಫೆಬ್ರುವರಿಯಲ್ಲಿ ಬಾಗಿಲು ಹಾಕಿತು. ಸಂಜೆಯ ಕೊನೆಯ ಬಸ್ಸು ಎಷ್ಟು ಗಂಟೆಗೆ ಎಂಬುದರ ಮೇಲೆ ಬಟ್ಟೆ ಅಂಗಡಿ ಎಷ್ಟು ಗಂಟೆಯವರೆಗೆ ತೆರೆದಿರಬೇಕೆಂಬುದು ನಿರ್ಧಾರವಾಗುವ ಸೀಮೆ ಇದು. ಬಸ್ಸು ನಿಂತ ಹಳ್ಳಿಯ ಜನ ಬೈಕು, ಕಾರು ಕೊಳ್ಳುತ್ತಾರೆ; ಕಾರು ಬಂದವರು ಬಾಳೆಹೊನ್ನೂರಿನಲ್ಲಿ ನಿಲ್ಲುವ ಬದಲು ಇನ್ನೊಂದು ಗಂಟೆ ಓಡಿಸಿ ಚಿಕ್ಕಮಗಳೂರಿಗೆ ಹೋಗಬಹುದು. ಕಾರು ಕೊಳ್ಳಲಾಗದವರು ಪೇಟೆಗೆ ಬರುವುದನ್ನೇ ಕಡಿಮೆ ಮಾಡುತ್ತಾರೆ. 2023ರ ಜೂನಿನಿಂದ ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಉಚಿತ ಪ್ರಯಾಣ ಸಿಕ್ಕಿದೆ. ಆದರೆ ಖಾಸಗಿ ಬಸ್ಸುಗಳನ್ನೇ ನಂಬಿದ್ದ ನಮ್ಮ ಕಡೆಯ ಎಷ್ಟೋ ದಾರಿಗಳಲ್ಲಿ ಅದರ ಫಲ ಕಡಿಮೆ. ಪೇಟೆಯನ್ನು ಎತ್ತಿ ನಿಲ್ಲಿಸುವ ಸಭೆಯಲ್ಲಿ ಚರಂಡಿಗಿಂತ ಮೊದಲು ಬಸ್ಸಿನ ವೇಳಾಪಟ್ಟಿ ಚರ್ಚೆಯಾಗಬೇಕೆಂದು ನಾನು ಹೇಳುವುದು ಈ ಕಾರಣಕ್ಕೆ.

ಸಭೆ ಎಂದರೆ ಗ್ರಾಮಸಭೆ ಇದೆಯಲ್ಲ ಎನ್ನಬಹುದು. ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳಿಗೆ ಪಟ್ಟಣ ಪಂಚಾಯಿತಿ ಇದೆ. ಬಾಳೆಹೊನ್ನೂರು ಪಟ್ಟಣದಂತೆ ಬೆಳೆದರೂ ಅದರ ಆಡಳಿತ ನಡೆದುಕೊಂಡು ಬಂದಿರುವುದು ಗ್ರಾಮ ಪಂಚಾಯಿತಿಯ ಚೌಕಟ್ಟಿನಲ್ಲಿ. 1993ರ ಪಂಚಾಯತ್ ರಾಜ್ ಕಾಯ್ದೆ ಬಹಳ ಒಳ್ಳೆಯ ಉದ್ದೇಶದಿಂದ ಗ್ರಾಮಸಭೆಗೆ ಬಲ ಕೊಟ್ಟಿದೆ. ಆದರೆ ಗ್ರಾಮಸಭೆ ಎಂದರೆ ಆ ಪಂಚಾಯಿತಿಯ ಮತದಾರರ ಪಟ್ಟಿಯಲ್ಲಿ ಹೆಸರಿರುವವರ ಸಭೆ. ಪೇಟೆಯನ್ನು ನಡೆಸುವವರು, ಬಳಸುವವರು ಎಲ್ಲರೂ ಆ ಪಟ್ಟಿಯಲ್ಲಿ ಇರುತ್ತಾರೆಯೇ? ಬಾಡಿಗೆ ಅಂಗಡಿ ಇಟ್ಟವನ ಮತ ಬೇರೆ ಊರಿನಲ್ಲಿರಬಹುದು. ಕಟ್ಟಡದ ಮಾಲೀಕರು ಬೆಂಗಳೂರಿನಲ್ಲಿರಬಹುದು. ಸಂತೆಗೆ ತರಕಾರಿ ತರುವವರು ಬಯಲುಸೀಮೆಯವರು. ಪೇಟೆಯಲ್ಲಿ ವಾರವಾರ ಅಕ್ಕಿ, ಬೇಳೆ, ಬಟ್ಟೆ ಕೊಳ್ಳುವ ತೋಟದ ಕಾರ್ಮಿಕರು ಸುತ್ತಲಿನ ಬೇರೆ ಬೇರೆ ಪಂಚಾಯಿತಿಗಳಿಗೆ ಸೇರಿದವರು. ಈಚೆಗೆ ಅಸ್ಸಾಮಿನಿಂದ ಬಂದವರೂ ಇದ್ದಾರೆ. ಹಗಲು ಹನ್ನೊಂದು ಗಂಟೆಗೆ ಸಭೆ ಕರೆದರೆ ಒಬ್ಬನೇ ನಡೆಸುವ ಅಂಗಡಿಗೆ ಬೀಗ ಹಾಕಿ ಬರಬೇಕು. ಹೀಗೆ ಕಾನೂನುಬದ್ಧವಾಗಿಯೇ ನಡೆದ ಸಭೆಯೊಂದು ಪೇಟೆಯ ಮಾತನ್ನು ಕೇಳದೆ ಮುಗಿಯಬಹುದು.

ಬೀದಿ ವ್ಯಾಪಾರಿಗಳ ವಿಷಯದಲ್ಲಿ ಈ ಕೊರತೆ ಇನ್ನೂ ಹೆಚ್ಚು. 2014ರ ಕೇಂದ್ರದ ಕಾಯ್ದೆ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ ಶೇ 40ರಷ್ಟು ಸದಸ್ಯರು ಬೀದಿ ವ್ಯಾಪಾರಿಗಳೇ ಆಗಿರಬೇಕು, ಅವರಲ್ಲಿ ಮೂರನೇ ಒಂದು ಭಾಗ ಮಹಿಳೆಯರಿರಬೇಕು ಎನ್ನುತ್ತದೆ. ಅದು ನಗರಾಡಳಿತಗಳನ್ನು ಮನಸ್ಸಿನಲ್ಲಿಟ್ಟು ಬರೆದ ಕಾನೂನು. ಗ್ರಾಮ ಪಂಚಾಯಿತಿಯ ಪೇಟೆಯಲ್ಲಿ ಬುಟ್ಟಿ ಇಟ್ಟುಕೊಂಡು ಕೂತ ಅಕ್ಕನಿಗೆ ಅಂಥ ಸಮಿತಿಯ ಆಸರೆ ಇಲ್ಲ. ಕಾನೂನು ಹೇಳದಿದ್ದರೂ ಪಂಚಾಯಿತಿ ಒಂದು ನಿರ್ಣಯ ಮಾಡಿ ಅಂಥ ಸಮಿತಿ ಕಟ್ಟಿಕೊಳ್ಳಲು ಯಾರೂ ಅಡ್ಡಿ ಮಾಡಲಾರರು.

ಕೇಳದೆ ಮಾಡಿದರೆ ಏನಾಗುತ್ತದೆ ಎಂಬುದನ್ನು ಘಟ್ಟದ ಕೆಳಗೆ, ಕಡಲ ತೀರದ ಮಂಗಳೂರಿನಲ್ಲಿ ನೋಡಿದ್ದೇವೆ. 2020ರ ಲಾಕ್‌ಡೌನ್ ಹೊತ್ತಿನಲ್ಲಿ ನಗರದ ನಡುವಿನ ಸೆಂಟ್ರಲ್ ಮಾರ್ಕೆಟ್ ಮುಚ್ಚಿಸಿ, ಸಗಟು ವ್ಯಾಪಾರಿಗಳನ್ನು ಬೈಕಂಪಾಡಿಯ ಎಪಿಎಂಸಿಗೆ ಕಳಿಸಲಾಯಿತು. ಹಳೆಯ ಕಟ್ಟಡ ಕೆಡವಿ ಹೊಸದು ಕಟ್ಟುವ ಯೋಜನೆ. ಕಟ್ಟಡ ಹಳತಾಗಿತ್ತು ಎಂಬುದನ್ನು ಯಾರೂ ಅಲ್ಲಗಳೆಯರು. ಆದರೆ ಹೋದ ಜಾಗದಲ್ಲಿ ತರಕಾರಿ, ಹಣ್ಣಿನ ವ್ಯಾಪಾರಕ್ಕೆ ಬೇಕಾದ ಅನುಕೂಲ ಇರಲಿಲ್ಲವೆಂದು ವ್ಯಾಪಾರಿಗಳು ದೂರಿದರು, ಹೈಕೋರ್ಟಿನ ಮೆಟ್ಟಿಲೇರಿದರು. ತಲೆಮಾರುಗಳಿಂದ ಅಲ್ಲೇ ಕೂತವರಿಗೆ ಸೂರ್ಯ ಹುಟ್ಟುವ ಮೊದಲು ಲಾರಿ ಎಲ್ಲಿ ನಿಲ್ಲಬೇಕು, ಮಂಗಳೂರಿನ ಮಳೆಗೆ ಯಾವ ಮಾಡು ಸೋರುತ್ತದೆ ಎಂಬುದೆಲ್ಲ ಗೊತ್ತಿತ್ತು. ಆ ತಿಳಿವಳಿಕೆ ನಕ್ಷೆಯೊಳಗೆ ಸೇರಬೇಕಾದದ್ದು ಮೊದಲೇ. ಅದು ಹೊರಬಿದ್ದದ್ದು ಪ್ರತಿಭಟನೆಯಾಗಿ, ಅರ್ಜಿಯಾಗಿ.

ಬೇರೆ ದೇಶಗಳ ಕಡಲೂರುಗಳೂ ಇದೇ ಪಾಠವನ್ನು ದುಬಾರಿ ಬೆಲೆ ಕೊಟ್ಟು ಕಲಿತಿವೆ. ಇಂಗ್ಲೆಂಡಿನ ಮಾರ್ಗೇಟ್ ಒಂದು ಕಾಲದಲ್ಲಿ ಲಂಡನ್ನಿನ ಜನ ರಜೆಗೆ ಓಡಿಬರುತ್ತಿದ್ದ ಊರು. ವಿಮಾನ ಅಗ್ಗವಾಗಿ ಜನ ಸ್ಪೇನಿಗೆ ಹೋಗತೊಡಗಿದ ಮೇಲೆ ಅದರ ಮುಖ್ಯ ಬೀದಿಯ ಅಂಗಡಿಗಳು ಒಂದೊಂದಾಗಿ ಮುಚ್ಚಿದವು. 2012ರಲ್ಲಿ ಸರ್ಕಾರ ಪೇಟೆ ಉಳಿಸಲು ಆರಿಸಿದ ಮೊದಲ ಹನ್ನೆರಡು ಊರುಗಳಲ್ಲಿ ಅದೂ ಒಂದು. ಊರಿಗೆ ತಲಾ ಸುಮಾರು ಒಂದು ಲಕ್ಷ ಪೌಂಡ್. ಹಣದ ಜೊತೆ ಟಿ.ವಿ. ಕ್ಯಾಮೆರಾವೂ ಬಂತು, ಊರ ತಂಡದೊಳಗೇ ಜಗಳ ಎದ್ದಿತು. ಊರಿನ ಹೆಮ್ಮೆಯಾಗಿದ್ದ ಡ್ರೀಮ್‌ಲ್ಯಾಂಡ್ ಎಂಬ ಹಳೆಯ ಮನರಂಜನಾ ಉದ್ಯಾನ 2015ರಲ್ಲಿ ಮತ್ತೆ ತೆರೆಯಿತು. ಅದರ ಹಿಂದೆ ಇದ್ದದ್ದು ಊರಿನವರೇ ಪಟ್ಟು ಹಿಡಿದು ಕೂತು ವರ್ಷಗಟ್ಟಲೆ ನಡೆಸಿದ ಚಳವಳಿ.

ವ್ಯಾಪಾರಿಗಳೇ ಮುಂದಾಳುಗಳಾದ ಹಳೆಯ ಉದಾಹರಣೆ ಕೆನಡಾದ ಟೊರಾಂಟೊದ್ದು. ಅಲ್ಲಿನ ಬ್ಲೂರ್ ವೆಸ್ಟ್ ಎಂಬ ಪೇಟೆಯ ಕೆಳಗೆ ಸುರಂಗ ರೈಲು ಬಂದು, ಮೇಲಿನ ಟ್ರಾಮ್ ನಿಂತು, ದೂರದಲ್ಲಿ ಮಾಲ್‌ಗಳು ಎದ್ದಾಗ ಗಿರಾಕಿಗಳು ಮಾಯವಾದರು. 1970ರಲ್ಲಿ ಅಂಗಡಿಯವರೆಲ್ಲ ತಮ್ಮ ತೆರಿಗೆಯ ಜೊತೆ ಇನ್ನಿಷ್ಟು ಹಣ ಕೊಟ್ಟು, ಅದನ್ನು ತಮ್ಮ ಬೀದಿಗೇ ಖರ್ಚು ಮಾಡುವ ಕಾನೂನು ವ್ಯವಸ್ಥೆ ಮಾಡಿಕೊಂಡರು. ಈ ಪದ್ಧತಿ ಮುಂದೆ ಜಗತ್ತಿಗೆಲ್ಲ ಹರಡಿತು. ಬ್ರಿಟನ್ನಿನಲ್ಲಿ ಇದಕ್ಕೆ ವ್ಯಾಪಾರಿಗಳ ಮತದಾನವೇ ನಡೆಯುತ್ತದೆ. ಮತ ಹಾಕಿದವರ ತಲೆ ಎಣಿಕೆಯಲ್ಲೂ ಬಹುಮತ ಬೇಕು, ಅವರ ಕಟ್ಟಡಗಳ ತೆರಿಗೆ ಮೌಲ್ಯದಲ್ಲೂ ಬಹುಮತ ಬೇಕು. ಸಣ್ಣ ಅಂಗಡಿಯವರ ಗುಂಪು ದೊಡ್ಡವರ ಮೇಲೆ ಹೊರೆ ಹೇರದಂತೆ, ದೊಡ್ಡವರು ಸಣ್ಣವರನ್ನು ಮೆಟ್ಟದಂತೆ. ಐದು ವರ್ಷ ಕಳೆದರೆ ಮತ್ತೆ ಮತ. ನಮ್ಮಲ್ಲಿ ಅದನ್ನು ಹಾಗೇ ತಂದು ನೆಡಬೇಕೆಂದು ನಾನು ಹೇಳುತ್ತಿಲ್ಲ. ನಮ್ಮ ಅಂಗಡಿಯವರಿಗೆ ಇನ್ನೊಂದು ತೆರಿಗೆಯ ಭಾರ ಬೇಡ. ಎರಡು ಬಗೆಯ ಬಹುಮತದ ಆ ಎಚ್ಚರ ಮಾತ್ರ ನಮಗೂ ಬೇಕು.

ಯಾಕೆಂದರೆ ಅಂಗಡಿಯವರ ಮಾತು ಎಂಬುದು ಒಂದೇ ಮಾತಲ್ಲ. ಕಟ್ಟಡದ ಮಾಲೀಕರಿಗೆ ರಸ್ತೆ ಅಗಲವಾದರೆ ಜಾಗ ಹೋಗುವ ಭಯ, ಉಳಿದ ಜಾಗದ ಬೆಲೆ ಏರುವ ಆಸೆ. ಬಾಡಿಗೆಯವನಿಗೆ ಬೆಲೆ ಏರಿದರೆ ಬಾಡಿಗೆಯೂ ಏರುವ ಚಿಂತೆ. ಮುಖ್ಯರಸ್ತೆಯ ದಿನಸಿ ಅಂಗಡಿಯವರಿಗೆ ಲಾರಿ ಬಾಗಿಲಿಗೇ ಬರಬೇಕು. ಹೋಟೆಲಿನವರಿಗೆ ಪ್ರವಾಸಿಗಳ ಕಾರು ನಿಲ್ಲಲು ಜಾಗ ಬೇಕು. ಆಟೊದವರಿಗೆ ಬಸ್ ನಿಲ್ದಾಣದ ಬಾಯಿಯೇ ಬೇಕು. ಚರಂಡಿಯ ಚಪ್ಪಡಿಯ ಮೇಲೆ ಬಕೆಟ್ಟು, ಪ್ಲಾಸ್ಟಿಕ್ ಕುರ್ಚಿ ಜೋಡಿಸಿ ಇಡುವವರಿಗೆ ಫುಟ್‌ಪಾತ್ ಬೇಡವೇ ಬೇಡ. ಇವರೆಲ್ಲರ ಜೊತೆ ವಿಧವಾ ಪಿಂಚಣಿ ತರಲು ಬಂದ ಅಜ್ಜಿ ನಡೆಯಬೇಕಾದದ್ದು ಅದೇ ಚಪ್ಪಡಿಯ ಮೇಲೆ. ಪೇಟೆಯ ಸಭೆ ಬರೀ ವರ್ತಕರ ಸಂಘದ ಸಭೆಯಾದರೆ ಅಜ್ಜಿಯ ಪರವಾಗಿ ಮಾತಾಡುವವರು ಇರುವುದಿಲ್ಲ.

ವ್ಯಾಪಾರಿಗಳ ಅನುಭವಕ್ಕೂ ಒಂದು ಕುರುಡು ಮೂಲೆ ಇದೆ ಎಂಬುದನ್ನು ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ 2006ರಲ್ಲಿ ನಡೆದ ಸಮೀಕ್ಷೆಯೊಂದು ತೋರಿಸಿತು. ನಿಮ್ಮ ಗಿರಾಕಿಗಳಲ್ಲಿ ಎಷ್ಟು ಜನ ಕಾರಿನಲ್ಲಿ ಬರುತ್ತಾರೆಂದು ಅಂಗಡಿಯವರನ್ನು ಕೇಳಿದರೆ ಶೇ 41 ಎಂದರು. ಗಿರಾಕಿಗಳನ್ನೇ ಕೇಳಿದಾಗ ಸಿಕ್ಕಿದ್ದು ಶೇ 22. ಕಾರಿನವನು ಕಣ್ಣಿಗೆ ಬೀಳುತ್ತಾನೆ, ನಿಲ್ಲಿಸಲು ಜಾಗವಿಲ್ಲವೆಂದು ಗೊಣಗುತ್ತಾನೆ. ಬಸ್ಸಿಳಿದು ಚೀಲ ಹಿಡಿದು ನಡೆದು ಬರುವವರು ಸುಮ್ಮನೆ ಕೊಂಡು ಹೋಗುತ್ತಾರೆ. ಬಾಳೆಹೊನ್ನೂರಿನಲ್ಲಿ ಇದೇ ಎಣಿಕೆಯನ್ನು ಒಂದು ಸಂತೆಯ ದಿನ, ಒಂದು ಸಾಮಾನ್ಯ ದಿನ ಕಾಲೇಜಿನ ಮಕ್ಕಳಿಂದ ಮಾಡಿಸಲು ಖರ್ಚೇನೂ ಇಲ್ಲ. ಎಷ್ಟು ಜನ ನಡೆದು ಬಂದರು, ಎಷ್ಟು ಜನ ಬಸ್ಸಿನಲ್ಲಿ, ಜೀಪಿನಲ್ಲಿ, ಬೈಕಿನಲ್ಲಿ ಬಂದರು, ಎಷ್ಟು ಹೊತ್ತು ಇದ್ದರು, ಯಾವುದನ್ನು ಕೊಳ್ಳಲು ಇಲ್ಲಿಂದ ಬೇರೆ ಊರಿಗೆ ಹೋಗುತ್ತಾರೆ. ಕೊನೆಯ ಪ್ರಶ್ನೆ ನನಗೆ ಬಹಳ ಮುಖ್ಯವೆನಿಸುತ್ತದೆ. ಈಚಿನ ವರ್ಷಗಳಲ್ಲಿ ಕಾಫಿಗೆ ಹಿಂದೆಂದೂ ಕಾಣದ ಬೆಲೆ ಬಂತು. ಆ ದುಡ್ಡಿನ ಎಷ್ಟು ಪಾಲು ನಮ್ಮ ಪೇಟೆಯಲ್ಲಿ ತಿರುಗಿತು, ಎಷ್ಟು ಪಾಲು ಶಿವಮೊಗ್ಗ, ಚಿಕ್ಕಮಗಳೂರಿಗೆ ಹೋಯಿತು, ಎಷ್ಟು ಪಾಲು ಮೊಬೈಲಿನಲ್ಲಿ ಆರ್ಡರ್ ಆಗಿ ಪಾರ್ಸೆಲ್ ಗಾಡಿಯಲ್ಲಿ ಪೇಟೆಯ ಮುಂದೆಯೇ ಹಾದು ತೋಟ ಸೇರಿತು ಎಂಬುದರ ಅಂದಾಜಾದರೂ ಸಿಕ್ಕರೆ, ಪೇಟೆಗೆ ಏನು ಬೇಕು ಎಂಬ ಚರ್ಚೆಗೆ ಕಾಲೂರಲು ನೆಲ ಸಿಗುತ್ತದೆ.

ನದಿಯ ವಿಷಯದಲ್ಲಿ ಮಾತ್ರ ಅಂಗಡಿಯವರ, ದಡದ ಮನೆಯವರ ನೆನಪಿನಷ್ಟು ನಿಖರವಾದ ದಾಖಲೆ ಬೇರೆ ಸಿಗದು. ಕಳಸದ ಹೆಬ್ಬಾಳೆ ಸೇತುವೆ ಮುಳುಗಿತೆಂಬ ಸುದ್ದಿ ಬಂದರೆ ಇಲ್ಲಿ ದಡದವರು ಸಾಮಾನು ಎತ್ತಿಡಲು ತಯಾರಾಗುತ್ತಾರೆ. 2019ರ ಆಗಸ್ಟಿನಲ್ಲಿ ಭದ್ರೆ ಊರೊಳಗೆ ಬಂದಾಗ ನೀರು ಯಾವ ಮೆಟ್ಟಿಲಿನವರೆಗೆ ಏರಿತು, ಯಾವ ಮೋರಿಯಿಂದ ಹಿಮ್ಮುಖವಾಗಿ ನುಗ್ಗಿತು, ಇಳಿಯಲು ಎಷ್ಟು ಹೊತ್ತು ಹಿಡಿಯಿತು ಎಂಬುದನ್ನು ಗೋಡೆಯ ಮೇಲೆ ಗೆರೆ ಎಳೆದು ತೋರಿಸಬಲ್ಲವರಿದ್ದಾರೆ. ಕಾಂಕ್ರೀಟ್ ರಸ್ತೆ ಹಾಕುವಾಗ ಹಳೆಯ ರಸ್ತೆಯ ಮೇಲೆಯೇ ಇನ್ನೊಂದು ಪದರ ಸುರಿದು ಎತ್ತರ ಮಾಡುವುದು ಎಲ್ಲೆಡೆಯ ಚಾಳಿ. ರಸ್ತೆ ಒಂದು ಅಡಿ ಏರಿದರೆ ಪಕ್ಕದ ಅಂಗಡಿ ಒಂದು ಅಡಿ ತಗ್ಗಿನಲ್ಲಿ ಬಿದ್ದಂತೆ. ಮಲೆನಾಡಿನ ಮಳೆಗೆ ಅಷ್ಟು ಸಾಕು. ನದಿಯ ಕಡೆ ಕಟ್ಟೆ, ಉದ್ಯಾನ, ತಿಂಡಿ ಅಂಗಡಿಗಳ ಸಾಲು ಬೇಕೆಂಬ ಆಸೆ ಎಲ್ಲ ಹೊಳೆಯೂರುಗಳಲ್ಲೂ ಇದೆ, ಅದು ಒಳ್ಳೆಯ ಆಸೆಯೂ ಹೌದು. ಆದರೆ ಗೋಡೆಯ ಮೇಲಿನ ಆ ಗೆರೆಗಳನ್ನೆಲ್ಲ ಒಂದು ನಕ್ಷೆಗೆ ಇಳಿಸುವ ಮೊದಲು ಅಲ್ಲಿ ಒಂದು ಕಲ್ಲನ್ನೂ ಇಡಬಾರದು.

ಇನ್ನು ಇಲಾಖೆಗಳು. ಮುಖ್ಯರಸ್ತೆ ಲೋಕೋಪಯೋಗಿಯವರದು, ಒಳಬೀದಿ, ಸಂತೆ ಪಂಚಾಯಿತಿಯದು, ಕಂಬ ಮೆಸ್ಕಾಂನದು, ಕುಡಿಯುವ ನೀರಿನ ಪೈಪು ಇನ್ನೊಬ್ಬರದು. ಒಬ್ಬರು ಮುಚ್ಚಿದ್ದನ್ನು ಇನ್ನೊಬ್ಬರು ಅಗೆಯುವುದನ್ನು ಊರಿನವರು ನೋಡುತ್ತಲೇ ಬಂದಿದ್ದಾರೆ. ಬೆಂಗಳೂರಿನ ಚರ್ಚ್ ಸ್ಟ್ರೀಟಿನಲ್ಲಿ ಪೈಪು, ಕೇಬಲ್, ಚರಂಡಿ ಎಲ್ಲವನ್ನೂ ಒಮ್ಮೆಗೇ ನೆಲದಡಿಗೆ ಹಾಕಿ ಮೇಲೆ ಕಲ್ಲು ಹಾಸಿದರು. 2017ರಲ್ಲಿ ಅಗೆದದ್ದು 2018ಕ್ಕೆ ಮುಗಿಯಿತು. ನಡುವೆ ಅಲ್ಲಿನ ಅಂಗಡಿಯವರು ಪಟ್ಟ ಕಷ್ಟ ಸಣ್ಣದಲ್ಲ. 2020ರ ನವೆಂಬರಿನಿಂದ ಕೆಲವು ತಿಂಗಳು ಅದೇ ಬೀದಿಯಲ್ಲಿ ವಾರದ ಕೊನೆಗೆ ವಾಹನ ನಿಲ್ಲಿಸಿ, ಜನ ನಡೆಯಲು ಬಿಟ್ಟು ನೋಡಿದರು. ಕಾಯಂ ಮಾಡುವ ಮೊದಲು ಪ್ರಯೋಗ ಮಾಡಿ ನೋಡುವ ಆ ಕ್ರಮ ನಮ್ಮ ಸಣ್ಣ ಪೇಟೆಗೂ ಹೊಂದುತ್ತದೆ. ರಂಭಾಪುರಿ ಪೀಠದ ಜಾತ್ರೆಯ ದಿನಗಳಲ್ಲಿ ಹೇಗೂ ವಾಹನಗಳ ದಾರಿ ಬದಲಾಗುತ್ತದೆ. ಆಗ ಯಾರ ವ್ಯಾಪಾರ ಏರಿತು, ಯಾರದ್ದು ಇಳಿಯಿತು ಎಂದು ಬರೆದಿಟ್ಟುಕೊಂಡರೆ ಒಂದು ಪ್ರಯೋಗ ಪುಕ್ಕಟೆಯಾಗಿ ಮುಗಿದಂತೆ.

ಇದೆಲ್ಲ ಮಾತಾಡಲು ಸಮಯ ಯಾವುದು? ಮಳೆಗಾಲ. ಜುಲೈನಿಂದ ಸೆಪ್ಟೆಂಬರಿನವರೆಗೆ ಗುತ್ತಿಗೆದಾರರಿಗೆ ಕೆಲಸವಿಲ್ಲ, ಅಂಗಡಿಯಲ್ಲಿ ಗಿರಾಕಿಗಳಿಲ್ಲ. ವ್ಯಾಪಾರ ಹೇಗಿದೆ ಎಂದರೆ ಮಳೆ ಬಿಡಲಿ ನೋಡುವ ಎಂಬ ಉತ್ತರ ಸಿಗುವ ದಿನಗಳು ಅವು. ಬೀದಿಗೊಂದು ಸಭೆ, ಅಂಗಡಿ ಮುಚ್ಚಿದ ಮೇಲೆ ಸಂಜೆ ಏಳಕ್ಕೆ. ಸಂತೆಯವರ ಜೊತೆ ಸಂತೆಯ ದಿನವೇ, ಸಂತೆಯಲ್ಲೇ. ತೋಟದ ಲೈನುಗಳಿಗೆ ಹೋಗಿ ಹೆಂಗಸರೊಡನೆ ಮಾತು. ಇಲಾಖೆಗಳ ಎಂಜಿನಿಯರರು ಕೇಳಿಸಿಕೊಳ್ಳಲು ಬರಬೇಕು, ಭಾಷಣಕ್ಕಲ್ಲ. ಹೇಳಿದ್ದರಲ್ಲಿ ಯಾವುದನ್ನು ಒಪ್ಪಿದರು, ಯಾವುದನ್ನು ಬಿಟ್ಟರು, ಯಾಕೆ ಬಿಟ್ಟರು ಎಂಬುದನ್ನು ಕನ್ನಡದಲ್ಲಿ ಟೈಪ್ ಮಾಡಿಸಿ ಪಂಚಾಯಿತಿಯ ಫಲಕಕ್ಕೂ ಬಸ್ ನಿಲ್ದಾಣದ ಗೋಡೆಗೂ ಅಂಟಿಸಬೇಕು. ಯಾವ ಬೀದಿಯನ್ನು ಯಾವ ತಾರೀಕಿಗೆ ಅಗೆದು ಯಾವ ತಾರೀಕಿಗೆ ಮುಚ್ಚುತ್ತೇವೆ ಎಂಬುದೂ ಆ ಹಾಳೆಯಲ್ಲಿರಬೇಕು, ಕೆಳಗೆ ಗುತ್ತಿಗೆದಾರರ ಫೋನ್ ನಂಬರಿನ ಜೊತೆ. ಅಕ್ಟೋಬರಿನಲ್ಲಿ ಟೆಂಡರ್ ಕರೆಯುವಾಗ ಆ ತಾರೀಕುಗಳು ಕರಾರಿನ ಷರತ್ತಾಗಿ ಸೇರಿದರೆ, ನವೆಂಬರಿನ ಮೊದಲ ಬಟವಾಡೆಯ ಸಂತೆಗೆ ಬರುವವರು ಯಾವ ಬೀದಿ ತೆರೆದಿದೆ, ಯಾವುದು ಮುಚ್ಚಿದೆ ಎಂದು ಮೊದಲೇ ತಿಳಿದುಕೊಂಡು ಬರಬಹುದು.